ಮೂರನೇ ಸಾಲಿನ ಮೂಲೆಗೆ ಎರಡು ಹಾರನ್

ಆ ಗೋದಾಮಿನಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ಇದರಲ್ಲಿ ಅವನ ಸ್ವಂತ ಸಾಧನೆಯೇನೂ ಇರಲಿಲ್ಲ. ಸರಕಿನ ಮೇಲೆ ಚೀಟಿ ಅಂಟಿಸುವ ಅವನ ಹೆಂಡತಿಯನ್ನು ಲಾರಿ ಡ್ರೈವರುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅಕ್ಕನ ಗಂಡ ಭಾವನಾಗದೆ ಇನ್ನೇನಾದಾನು? ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಸೂಪರ್‌ವೈಸರ್ ಕೂಡ ‘ಭಾವ, ಆ ಲೋಡು ಇಳಿಸಿಬಿಡಿ’ ಎನ್ನುತ್ತಿದ್ದ. ಅಕ್ಕ ಕೆಲಸಕ್ಕೆ ಸೇರುವ ಮೊದಲೇ ನಾಲ್ಕು ವರ್ಷ ಅಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಿದವನು ಅವನು. ಆಗ ತನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದು ಅವನಿಗೇ ಮರೆತುಹೋಗಿತ್ತು.

ಫೋರ್ಕ್‌ಲಿಫ್ಟ್ ಓಡಿಸುವುದೆಂದರೆ ಅರ್ಧ ದಿನ ಹಿಂದಕ್ಕೆ ಓಡಿಸುವುದು. ಮುಂದೆ ಚಾಚಿಕೊಂಡ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಆಳೆತ್ತರಕ್ಕೆ ಪೆಟ್ಟಿಗೆ ಹೇರಿಬಿಟ್ಟರೆ ಚಾಲಕನಿಗೆ ಎದುರಿಗೆ ಪೆಟ್ಟಿಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಸೊಂಟ ತಿರುಗಿಸಿ, ಕತ್ತು ತಿರುಗಿಸಿ, ಬೆನ್ನ ಹಿಂದೆ ನೋಡುತ್ತ ಹಿಮ್ಮುಖವಾಗಿಯೇ ಸಾಗಬೇಕು. ಹದಿನೆಂಟು ವರ್ಷ ಹೀಗೆ ಹಿಂದೆ ನೋಡಿ ನೋಡಿ ಭಾವನ ಕತ್ತು ಹಿಡಿದುಕೊಂಡಿತ್ತು. ಅಕ್ಕ ದಿನಾ ಸಂಜೆ ಅದಕ್ಕೆ ಮುಲಾಮು ಉಜ್ಜುತ್ತಿದ್ದಳು, ಉಜ್ಜುತ್ತಲೇ ಬಯ್ಯುತ್ತಿದ್ದಳು. ‘ಆ ದಿಂಬು ಸರಿಯಿಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ?’ ಎನ್ನುವುದು ಅವಳ ವಾದ. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಏಳು ದಿಂಬು ಬದಲಾಗಿದ್ದವು. ಪಾಪ, ದಿಂಬುಗಳಿಗೆ ಬಾಯಿಲ್ಲ.

ಇನ್ನು ಆ ಹಾರನ್ನಿನ ವಿಷಯ. ಗೋದಾಮಿನೊಳಗೆ ಮೂರಾಳೆತ್ತರದ ರ‍್ಯಾಕುಗಳು ಎಂಟು ಸಾಲು ನಿಂತಿದ್ದವು. ಅಕ್ಕ ತನ್ನ ಪುಟ್ಟ ತಳ್ಳುಗಾಡಿಯಲ್ಲಿ ಚೀಟಿಯ ಸುರುಳಿ, ಸ್ಕ್ಯಾನರ್, ನೀರಿನ ಬಾಟಲಿ ಇಟ್ಟುಕೊಂಡು ಮೂರನೇ ಸಾಲಿನೊಳಗಿಂದ ಹೊರಬಂದು, ಗಾಡಿಗಳು ಓಡಾಡುವ ದಾರಿಯನ್ನು ದಾಟಿ, ಆಚೆ ಬದಿಯ ಪ್ಯಾಕಿಂಗ್ ಮೇಜಿಗೆ ಹೋಗಬೇಕು. ದಿನಕ್ಕೆ ಮೂವತ್ತು ನಲವತ್ತು ಸಲ. ದಾಟುವ ಜಾಗದಲ್ಲಿ ನೆಲಕ್ಕೆ ಹಳದಿ ಪಟ್ಟೆ ಬಳಿದಿದ್ದರು. ಚಕ್ರ ಹರಿದು ಹರಿದು ಅದು ‘ಇಲ್ಲಿ ಪಟ್ಟೆ ಇತ್ತಂತೆ’ ಎನ್ನುವ ಮಟ್ಟಕ್ಕೆ ಬಂದಿತ್ತು. ಮೂಲೆಯಾಚೆ ಬರುವವರನ್ನು ತೋರಿಸಲು ಮೇಲೆ ಒಂದು ಗುಂಡು ಕನ್ನಡಿ ಇತ್ತು, ಅದರ ಮುಖದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ನಿಯಮದ ಪ್ರಕಾರ ಚಾಲಕರು ಪ್ರತಿ ಮೂಲೆಯಲ್ಲೂ ಒಂದು ಉದ್ದ ಹಾರನ್ ಹೊಡೆಯಬೇಕು.

ಅಕ್ಕ ಕೆಲಸಕ್ಕೆ ಸೇರಿದ ಮೊದಲ ದಿನ ಗಾಡಿಗಳ ಸದ್ದಿಗೆ ಹೆದರಿ ರ‍್ಯಾಕಿಗೆ ಅಂಟಿಕೊಂಡು ನಿಂತುಬಿಟ್ಟಿದ್ದಳು. ಅದನ್ನು ದೂರದಿಂದ ಕಂಡ ಭಾವ ಮೂಲೆಗೆ ಬಂದವನೇ ಗಾಡಿ ನಿಲ್ಲಿಸಿ ಎರಡು ಚಿಕ್ಕ ಹಾರನ್ ಹೊಡೆದ. ಪೀಪ್ ಪೀಪ್. ‘ನಾನೇ ಕಣೇ, ಬಾ’ ಎಂದು ಅದರ ಅರ್ಥ. ಅವಳು ದಾಟಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಎರಡು ಹಾರನ್ ಕೇಳಿಸಿತೆಂದರೆ ಅಕ್ಕ ಚೀಟಿಯ ಮೇಲಿಟ್ಟ ಕಣ್ಣನ್ನು ಎತ್ತುತ್ತಲೂ ಇರಲಿಲ್ಲ. ರಾಣಿಯ ಹಾಗೆ ತಳ್ಳುಗಾಡಿ ತಳ್ಳಿಕೊಂಡು ದಾಟಿಬಿಡುತ್ತಿದ್ದಳು. ಅವಳು ಆಚೆ ಮುಟ್ಟುವವರೆಗೆ ಭಾವನ ಗಾಡಿ ಒಂದು ಗೇಣು ಕೂಡ ಕದಲುತ್ತಿರಲಿಲ್ಲ.

ಜಗಳವಾಡಿದ ದಿನ ಮಾತ್ರ ಭಾವ ಉಳಿದವರ ಹಾಗೆ ಒಂದು ಉದ್ದ ಹಾರನ್ ಹೊಡೆಯುತ್ತಿದ್ದ. ಆಗ ಅಕ್ಕನೂ ಉಳಿದವರಿಗೆ ನಿಲ್ಲುವ ಹಾಗೆ ಮೂಲೆಯಲ್ಲಿ ನಿಂತು, ಮುಖ ಆ ಕಡೆ ತಿರುಗಿಸಿ, ಗಾಡಿ ಹೋದಮೇಲೆ ದಾಟುತ್ತಿದ್ದಳು. ಪ್ಯಾಕಿಂಗ್ ಮೇಜಿನವರಿಗೆ ಹಬ್ಬವೋ ಹಬ್ಬ. ‘ಅಕ್ಕಾ, ಬೆಳಗ್ಗಿಂದ ಒಂದೇ ಹಾರನ್ನು! ಏನು ಸಮಾಚಾರ?’ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಅಷ್ಟೂ ಬಾಳುತ್ತಿರಲಿಲ್ಲ, ಮಧ್ಯಾಹ್ನದ ಡಬ್ಬಿ ಬಿಚ್ಚುವ ತನಕ. ಊಟವಾದ ಮೇಲೆ ಮತ್ತೆ ಪೀಪ್ ಪೀಪ್ ಕೇಳಿಸಿದರೆ ಇಡೀ ಗೋದಾಮು ನಿಟ್ಟುಸಿರು ಬಿಟ್ಟು ಕೆಲಸಕ್ಕೆ ತೊಡಗುತ್ತಿತ್ತು.

ಇದು ಚಂದವೇ. ಚಂದವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅತಿ ಸ್ನೇಹ ಗತಿ ಕೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೊಸ ಚಾಲಕರಿಗೆ ಕೆಲಸ ಕಲಿಸುವುದೂ ಭಾವನ ಪಾಲಿಗೇ ಬಿದ್ದಿತ್ತು. ಅದಕ್ಕೆ ಅವನ ಜಾಕೆಟ್ಟಿನ ಎದೆಯ ಮೇಲೆ ‘ತರಬೇತುದಾರ’ ಎಂದು ಬರೆದ ಹಸಿರು ಬಿಲ್ಲೆ ಇತ್ತು. ಅದನ್ನು ಅವನು ವಾರಕ್ಕೊಮ್ಮೆ ಟೂತ್‌ಪೇಸ್ಟ್ ಹಾಕಿ ಉಜ್ಜುತ್ತಿದ್ದ. ಎರಡು ತಿಂಗಳ ಹಿಂದೆ ಒಬ್ಬ ಹೊಸಬ ಬಂದ. ನಲವತ್ತು ದಾಟಿದವನು, ಹಿಂದೆ ಯಾವುದೋ ಬಂದರಿನಲ್ಲಿ ದುಡಿದವನು; ಆದ್ದರಿಂದ ಬಂದ ದಿನವೇ ಅವನಿಗೆ ಕ್ಯಾಪ್ಟನ್ ಎಂದು ಹೆಸರು ಬಿತ್ತು. ಹೆಸರಿಗೆ ಕ್ಯಾಪ್ಟನ್, ಆಸಾಮಿ ಬಲು ಮೆತ್ತಗೆ. ಗಾಡಿಯ ಸೀಟಿಗೆ ಹಾಕಲು ಹೆಂಡತಿ ಹೊಲಿದು ಕೊಟ್ಟ, ಒಂದು ದೊಡ್ಡ ಕೆಂಪು ಹೂವಿದ್ದ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ಹೇಳಿದ್ದನ್ನೆಲ್ಲ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ತರಬೇತಿಯ ಮೂರು ದಿನ ಅವನು ದಾರಿಯ ಬದಿಯಲ್ಲಿ ನಿಂತು ಭಾವ ಗಾಡಿ ಓಡಿಸುವುದನ್ನು ನೋಡಿದ. ಮೂರನೆಯ ದಿನ ಕೇಳಿಯೇ ಬಿಟ್ಟ.

‘ಭಾವ, ಬೇರೆ ಮೂಲೇಲೆಲ್ಲ ಒಂದು ಉದ್ದ ಹಾರನ್ ಹೊಡೀತೀರ. ಇಲ್ಲಿ ಮಾತ್ರ ಎರಡು ಚಿಕ್ಕದು. ಯಾಕೆ?’

ಹೆಂಡತಿಗೆ ಅಂತ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾವನಿಗೆ ನಲವತ್ತೆಂಟು ವಯಸ್ಸು, ಮೀಸೆ ಅರ್ಧ ಬೆಳ್ಳಗಾಗಿದೆ, ಎದೆಯ ಮೇಲೆ ತರಬೇತುದಾರನ ಬಿಲ್ಲೆ. ಎರಡು ದಿನದ ಪರಿಚಯದವನ ಮುಂದೆ ಅದನ್ನು ಹೇಗೆ ಹೇಳುವುದು? ಕಿವಿ ಬಿಸಿಯಾಯಿತು.

‘ಈ ಮೂಲೆಗೆ ಎರಡು. ಅಷ್ಟೆ,’ ಅಂದ.

ಕ್ಯಾಪ್ಟನ್ ನೋಟ್‌ಬುಕ್ ತೆಗೆದು ಬರೆದುಕೊಂಡ. ಭಾವ ಅವನ ತರಬೇತಿ ಕಾಗದಕ್ಕೆ ಸಹಿ ಹಾಕಿದ. ಆಮೇಲೆ ಕ್ಯಾಪ್ಟನ್‌ನನ್ನು ಹೊರಗಿನ ಅಂಗಳದ ಕೆಲಸಕ್ಕೆ ಹಾಕಿದ್ದರಿಂದ ಭಾವ ಆ ಮಾತನ್ನು ಮರೆತೇಬಿಟ್ಟ.

ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಊಟದ ಹೊತ್ತಿಗೆ ಒಳಗಿನ ಚಾಲಕನೊಬ್ಬ ಜ್ವರವೆಂದು ಮನೆಗೆ ಹೋದ. ಸೂಪರ್‌ವೈಸರ್ ಅಂಗಳದಿಂದ ಕ್ಯಾಪ್ಟನ್‌ನನ್ನು ಒಳಗೆ ಕರೆದ. ಭಾವ ಆಗ ಲಾರಿಯ ಬಾಗಿಲಲ್ಲಿ ಯಂತ್ರದ ಬಿಡಿಭಾಗಗಳ ಪೆಟ್ಟಿಗೆ ಇಳಿಸುತ್ತಿದ್ದ. ಒಳಗಿನಿಂದ ಕೇಳಿಸಿತು: ಪೀಪ್ ಪೀಪ್.

‘ನಾನಿಲ್ಲಿದ್ದೀನಿ, ಅಲ್ಲಿ ಹೊಡೆದವನು ಯಾರು?’ ಎಂದು ಅನ್ನಿಸುವಷ್ಟರಲ್ಲಿ ಟೈರು ಉಜ್ಜಿದ ಸದ್ದು, ಅದರ ಬೆನ್ನಿಗೇ ತಗಡು ಮಡಚಿದ ಸದ್ದು. ಆಮೇಲೆ ಇಡೀ ಗೋದಾಮು ಮೌನ. ಭಾವ ಗಾಡಿಯಿಂದ ಹೇಗೆ ಇಳಿದ, ಹೇಗೆ ಓಡಿದ ಎಂಬುದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.

ಅಕ್ಕ ನೆಲದ ಮೇಲೆ ಕೂತಿದ್ದಳು. ಚೀಟಿಯ ಸುರುಳಿ ಉರುಳಿ ದಾರಿಯುದ್ದಕ್ಕೂ ಬಿಚ್ಚಿಕೊಂಡಿತ್ತು. ಕ್ಯಾಪ್ಟನ್‌ನ ಗಾಡಿಯ ಕಬ್ಬಿಣದ ಪಟ್ಟಿಯೊಂದು ತಳ್ಳುಗಾಡಿಯ ಹೊಟ್ಟೆಯೊಳಗೆ ಒಂದು ಮೊಳ ಹೊಕ್ಕು ನಿಂತಿತ್ತು. ಅವಳು ತಳ್ಳುಗಾಡಿಯನ್ನು ಎಂದಿನಂತೆ ಮುಂದೆ ತಳ್ಳಿಕೊಂಡು ಬಂದಿದ್ದರಿಂದ ಬಿದ್ದ ಏಟು ಅದಕ್ಕೆ ಬಿತ್ತು. ಅದು ತಳ್ಳಿದ ರಭಸಕ್ಕೆ ಅವಳು ಹಿಂದಕ್ಕೆ ಬಿದ್ದು ಎಡಗಾಲಿನ ಹರಡು ಉಳುಕಿತ್ತು. ತಲೆಗೆ ಬಂದದ್ದು ತಲೆಪೇಟಕ್ಕೆ ಹೋಯಿತು ಅನ್ನುವುದು ಇದಕ್ಕೇ. ಇನ್ನು ಎರಡೇ ಎರಡು ಹೆಜ್ಜೆ ಮುಂದಿದ್ದಿದ್ದರೆ ಎಂಬ ಲೆಕ್ಕವನ್ನು ಅಲ್ಲಿ ನಿಂತ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಹಾಕಿದರು.

‘ನಂಗೇನೂ ಆಗಿಲ್ಲ ಕಣ್ರೀ, ಕೂಗಾಡಬೇಡಿ,’ ಎಂದಳು ಅಕ್ಕ, ಅವನಿನ್ನೂ ಕೂಗಾಡುವ ಮೊದಲೇ.

ಭಾವ ಕೇಳಿಸಿಕೊಳ್ಳಲಿಲ್ಲ. ಕ್ಯಾಪ್ಟನ್‌ನ ಜಾಕೆಟ್ಟು ಹಿಡಿದು ಅಲುಗಾಡಿಸಿದ. ‘ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ? ಹೆಂಗಸು ನಡ್ಕೊಂಡು ಬರೋದು ಕಾಣ್ಸಲ್ವಾ?’

ಕ್ಯಾಪ್ಟನ್ ಭಾವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದ: ‘ಎರಡು ಹಾರನ್ ಹೊಡೆದೆ ಭಾವ. ನೀವು ಹೇಳಿದ ಹಾಗೇ ಹೊಡೆದೆ. ಅವ್ರು ನಿಲ್ತಾರೆ ಅಂದ್ಕೊಂಡೆ.’

ಭಾವನ ಕೈ ತಾನಾಗಿ ಸಡಿಲವಾಯಿತು. ಆದರೆ ಸಿಟ್ಟೆಂಬುದು ಇಳಿಜಾರಿನ ಗಾಡಿ, ಬ್ರೇಕ್ ಹಾಕಿದ ತಕ್ಷಣ ನಿಲ್ಲುವುದಿಲ್ಲ. ‘ಇವನು ಇನ್ನೊಂದು ದಿನ ಇಲ್ಲಿ ಗಾಡಿ ಹತ್ತಬಾರದು!’ ಎಂದು ಎಲ್ಲರೆದುರು ಕೂಗಿಬಿಟ್ಟ.

ಅಷ್ಟರಲ್ಲಿ ಸುರಕ್ಷತೆಯ ಅಧಿಕಾರಿ ಬಂದಳು. ಎಲ್ಲರೂ ಮೇಡಂ ಎನ್ನುವ, ಸದಾ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡಿರುವ ಹೆಣ್ಣುಮಗಳು. ಎರಡು ವರ್ಷದಿಂದ ಪ್ರತಿ ಸೋಮವಾರ ‘ಹಾರನ್ ಹೊಡೆದ ಮಾತ್ರಕ್ಕೆ ದಾರಿ ನಿಮ್ಮದಾಗಲ್ಲ, ನಡೆಯೋರ ಕಣ್ಣು ನಿಮ್ಮನ್ನ ನೋಡಬೇಕು’ ಎಂದು ಹೇಳುತ್ತಿದ್ದಳು. ಎಲ್ಲರೂ ತಲೆಯಾಡಿಸಿ, ಚಹಾ ಕುಡಿದು, ಮರೆಯುತ್ತಿದ್ದರು. ಅವಳು ಮಂಡಿಯೂರಿ ಟೈರಿನ ಗುರುತು ಅಳೆದಳು. ಅಕ್ಕನ ಪಕ್ಕ ಕೂತು ಕಾಲು ಮುಟ್ಟಿ ನೋಡಿದಳು.

‘ಏನಾಯ್ತಕ್ಕ?’

‘ನಾನೇ ನೋಡ್ಲಿಲ್ಲ ಮೇಡಂ. ಚೀಟಿ ಓದ್ತಾ ಇದ್ದೆ.’

‘ನಾಳೆ ಹತ್ತು ಗಂಟೆಗೆ ವಿಚಾರಣೆ,’ ಎಂದಳು ಮೇಡಂ ಎದ್ದು ನಿಂತು. ಕ್ಯಾಪ್ಟನ್‌ನ ಮೂರು ತಿಂಗಳ ಪರೀಕ್ಷಾ ಅವಧಿ ಮುಗಿದಿರಲಿಲ್ಲ. ಆ ಅವಧಿಯಲ್ಲಿ ತನ್ನ ತಪ್ಪಿನಿಂದ ಅಪಘಾತ ಮಾಡಿದವನನ್ನು ಮನೆಗೆ ಕಳಿಸುವುದು ಅಲ್ಲಿನ ನಿಯಮ. ಎಲ್ಲರಿಗೂ ಗೊತ್ತಿದ್ದ ನಿಯಮ. ಕ್ಯಾಪ್ಟನ್ ಗಾಡಿಯ ಕೀಲಿ ಮೇಡಂ ಕೈಗೆ ಕೊಟ್ಟು, ಸೀಟಿನ ಮೇಲಿದ್ದ ಹೂವಿನ ಮೆತ್ತೆ ಎತ್ತಿಕೊಂಡು, ಅದರ ಧೂಳು ಕೊಡವಿ, ಕಂಕುಳಲ್ಲಿಟ್ಟುಕೊಂಡು ಹೊರಟ. ಭಾವ ಆ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಮೂಳೆಗೆ ಏನೂ ಆಗಿಲ್ಲವೆಂದು ಪಟ್ಟಿ ಸುತ್ತಿ ಕಳಿಸಿದರು. ಸಂಜೆ ಅಕ್ಕ ಮಂಚದ ಮೇಲೆ, ಅವಳ ಕಾಲು ಏಳನೆಯ ದಿಂಬಿನ ಮೇಲೆ. ಭಾವ ಬಟ್ಟೆಯಲ್ಲಿ ಐಸ್ ಸುತ್ತಿ ಹರಡಿಗೆ ಒತ್ತುತ್ತಿದ್ದ. ಒತ್ತುವುದಕ್ಕಿಂತ ಹೆಚ್ಚು ಬಯ್ಯುತ್ತಿದ್ದ.

‘ಬಂದರಲ್ಲಿ ಏನು ಕಲ್ತನೋ! ಖಾಲಿ ಗಾಡಿ ಅಂತ ಬಿಟ್ಟಿದ್ದಾನೆ ಬಾಣದ ಹಾಗೆ.’

‘ಅವನನ್ನ ಬಯ್ಯಬೇಡಿ. ನಾನು ತಲೆ ಎತ್ತಿದ್ರೆ ಆಗ್ತಿತ್ತು.’

‘ಮತ್ತೆ ಯಾಕೆ ಎತ್ತಲಿಲ್ಲ? ಅಷ್ಟು ದೊಡ್ಡ ಗಾಡಿ ಬರ್ತಿದೆ, ಹಾರನ್ ಹೊಡೀತಿದೆ...’

‘ನೀವು ಅಂದ್ಕೊಂಡೆ,’ ಎಂದಳು ಅಕ್ಕ.

ಭಾವನ ಕೈಯಲ್ಲಿದ್ದ ಐಸು ತೊಟ್ಟಿಕ್ಕತೊಡಗಿತು.

‘ಎರಡು ಹಾರನ್ ಕೇಳಿಸ್ತು. ನೀವಲ್ದೆ ಇನ್ಯಾರು ಹೊಡೀತಾರೆ? ಹದಿನಾಲ್ಕು ವರ್ಷದಿಂದ ಆ ಮೂಲೇಲಿ ನಾನು ತಲೆ ಎತ್ತೇ ಇಲ್ಲ ಕಣ್ರೀ. ಎತ್ತೋದು ಯಾಕೆ? ನೀವಿದ್ದೀರಲ್ಲ ಅಂತ ಕಾಲು ತಾನೇ ಹೋಗ್ಬಿಡುತ್ತೆ.’ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡು ಅಂದಳು, ‘ಮೇಡಂ ಹತ್ರ ಅದನ್ನ ಹೇಳ್ಲಿಲ್ಲ. ಒಂದು ಉದ್ದ ಹಾರನ್ ಅಂತ ನಿಯಮ ಇದೆಯಲ್ಲ, ನಿಮ್ಮ ಬಿಲ್ಲೆಗೆ ತೊಂದ್ರೆ ಆದೀತು ಅಂತ.’

ಭಾವ ಎದ್ದು ಕಿಟಕಿಯ ಹತ್ತಿರ ಹೋದ. ಮತ್ತೆ ಬಂದು ಕೂತ. ಆ ಹಾರನ್ನನ್ನು ಅವನು ಪ್ರೀತಿ ಎಂದುಕೊಂಡಿದ್ದ, ಪ್ರೀತಿಯೇ ಹೌದು. ಆದರೆ ದಿನಕ್ಕೆ ನಲವತ್ತು ಸಲ, ಹದಿನಾಲ್ಕು ವರ್ಷ, ಗಾಡಿ ಬರುವ ದಾರಿಯಲ್ಲಿ ಕಣ್ಣು ಮುಚ್ಚಿ ನಡೆಯುವುದನ್ನು ತನ್ನ ಕೈಯಾರೆ ಅವಳಿಗೆ ಕಲಿಸಿದ್ದ. ತರಬೇತುದಾರನಂತೆ, ತರಬೇತುದಾರ!

‘ಇನ್ನೊಂದು ಇದೆ,’ ಅಂದ. ‘ಅವನು ಕೇಳಿದ್ದ. ಇಲ್ಲಿ ಯಾಕೆ ಎರಡು ಅಂತ.’

‘ಏನಂದ್ರಿ?’

‘ಈ ಮೂಲೆಗೆ ಎರಡು, ಅಷ್ಟೆ, ಅಂದೆ.’

‘ಹೆಂಡತಿಗೆ ಅಂತ ಯಾಕೆ ಹೇಳ್ಲಿಲ್ಲ?’

ಭಾವ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗುವುದನ್ನು ಅಕ್ಕ ನೋಡಿದಳು. ನೋಡಿ ನಗಲು ಶುರು ಮಾಡಿದಳು. ಕಾಲು ನೋಯುತ್ತಿದ್ದರೂ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ‘ಅಯ್ಯೋ ನನ್ನಪ್ಪ! ಹಾಸ್ಟೆಲಲ್ಲಿರೋ ಮಗಳಿಗೆ ಇಪ್ಪತ್ತು ತುಂಬ್ತು. ಇನ್ನೂ ನಾಚಿಕೆಯಂತೆ ನಾಚಿಕೆ!’

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ ಕೇಳಿದಳು.

‘ನಾಳೆ ಹತ್ತು ಗಂಟೆಗೆ ಅಲ್ಲಿ ಹೇಳ್ತೀರಲ್ಲ?’

ಐಸು ಕರಗಿ ದಿಂಬು ಒದ್ದೆಯಾಗಿತ್ತು. ಭಾವ ಅದನ್ನು ಮಗುಚಿ ಹಾಕಿದ.

ಬೆಳಗ್ಗೆ ಮೇಡಂ ಅವರ ಗಾಜಿನ ಕೋಣೆಯಲ್ಲಿ ನಾಲ್ಕು ಕುರ್ಚಿ. ಮೇಡಂ, ಸೂಪರ್‌ವೈಸರ್, ಭಾವ, ಕ್ಯಾಪ್ಟನ್. ಕ್ಯಾಪ್ಟನ್‌ನ ಮಡಿಲಲ್ಲಿ ಮೆತ್ತೆ, ಅಂಗಿಯ ಜೇಬಿನಲ್ಲಿ ಆ ಪುಟ್ಟ ನೋಟ್‌ಬುಕ್. ಅದರ ಅಂಚು ಹೊರಗೆ ಕಾಣುತ್ತಿತ್ತು. ಭಾವನಿಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ನಾಲ್ಕು ಸಲ ತನ್ನ ಬಿಲ್ಲೆ ಮುಟ್ಟಿ ನೋಡಿಕೊಂಡ.

‘ಕ್ಯಾಪ್ಟನ್, ಮೂಲೇಲಿ ಹಾರನ್ ಹೊಡೆದ್ರಾ?’ ಮೇಡಂ ಕೇಳಿದಳು.

‘ಹೊಡೆದೆ ಮೇಡಂ.’

‘ಸರಿಯಾಗಿ ಹೊಡೆದಿದ್ರೆ ಅವರು ನಿಲ್ಲಬೇಕಿತ್ತಲ್ಲ?’

ಕ್ಯಾಪ್ಟನ್ ಒಮ್ಮೆ ಭಾವನ ಕಡೆ ನೋಡಿದ. ಅವನ ಕೈ ಜೇಬಿನ ಹತ್ತಿರ ಹೋಯಿತು. ಹೋಗಿ, ನೋಟ್‌ಬುಕ್ಕಿನ ಅಂಚನ್ನು ಒಳಕ್ಕೆ ತಳ್ಳಿ, ಮೆತ್ತೆಯ ಮೇಲೆ ಬಂದು ಕೂತಿತು. ‘ನನ್ನದೇ ತಪ್ಪು ಮೇಡಂ,’ ಎಂದ.

ಎಲ್ಲರೆದುರು ತನ್ನ ಜಾಕೆಟ್ಟು ಹಿಡಿದು ಅಲುಗಾಡಿಸಿದವನ ಮಾನ ಉಳಿಸಲು ಒಬ್ಬ ಮನುಷ್ಯ ತನ್ನ ಅನ್ನ ಬಿಡಲು ತಯಾರಾಗಿದ್ದ. ಭಾವನಿಗೆ ಅದನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ.

‘ಮೇಡಂ, ಆ ಹಾರನ್ನು... ಅಂದ್ರೆ ಎಲ್ಲಾ ಮೂಲೆಗೂ ಒಂದೊಂದು ಥರ ಇರುತ್ತೆ... ಅಂದ್ರೆ ಇರಬಾರದು, ಆದ್ರೆ ಕೆಲವು ಸಲ ಈ ಅಭ್ಯಾಸ ಅನ್ನೋದು...’

‘ಭಾವ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ,’ ಎಂದ ಸೂಪರ್‌ವೈಸರ್. ‘ಏನು ಅಂತ ನೆಟ್ಟಗೆ ಹೇಳಿ.’

‘ಅದು ನನ್ನ ಹೆಂಡತಿ ಹಾರನ್!’ ಎಂದುಬಿಟ್ಟ ಭಾವ, ಬೇಕಾದದ್ದಕ್ಕಿಂತ ತುಸು ಜೋರಾಗಿಯೇ. ಗಾಜಿನ ಆಚೆ ಪ್ಯಾಕಿಂಗ್ ಮೇಜಿನವರು ತಲೆ ಎತ್ತಿದರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಬಂತು. ಮೊದಲ ದಿನ ಅವಳು ರ‍್ಯಾಕಿಗೆ ಅಂಟಿ ನಿಂತದ್ದು, ಪೀಪ್ ಪೀಪ್, ಅವಳು ತಲೆ ಎತ್ತದೆ ದಾಟುವುದು, ಕ್ಯಾಪ್ಟನ್ ಕೇಳಿದ್ದು, ತಾನು ನಾಚಿಕೊಂಡು ಸುಳ್ಳು ಹೇಳಿದ್ದು. ‘ನಾನು ಕಲಿಸಿದ್ದನ್ನೇ ಇವನು ಮಾಡ್ದ. ನಾನು ಕಲಿಸಿದ್ದನ್ನೇ ಅವಳೂ ಮಾಡಿದ್ಲು. ಇಬ್ರೂ ನನ್ನ ಮಾತು ಕೇಳಿದ್ದಕ್ಕೇ ಹೀಗಾಯ್ತು,’ ಎಂದ. ಬಿಲ್ಲೆಯನ್ನು ಕಳಚಿ ಮೇಜಿನ ಮೇಲಿಟ್ಟ. ಆಗ ಕ್ಯಾಪ್ಟನ್ ಮೆಲ್ಲಗೆ ನೋಟ್‌ಬುಕ್ ತೆಗೆದು ಪುಟ ತೋರಿಸಿದ. ‘ಮೂರನೇ ಸಾಲಿನ ಮೂಲೆಗೆ ಎರಡು’ ಎಂದು ಗುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದಿದ್ದ.

ಮೇಡಂ ಪೆನ್ನು ಕೈಗೆತ್ತಿಕೊಂಡಳು. ಅವಳ ಮುಂದಿನ ನಮೂನೆಯಲ್ಲಿ ‘ಅಪಘಾತಕ್ಕೆ ಕಾರಣ’ ಎಂಬ ಒಂದು ಅಂಕಣವಿತ್ತು.

‘ಇಲ್ಲಿ ಏನಂತ ಬರೀಲಿ ಭಾವ? ಗಂಡನ ಪ್ರೀತಿ ಅಂತ ಬರೆಯೋಕೆ ಆಗುತ್ತಾ?’

ಸೂಪರ್‌ವೈಸರ್ ಕೆಮ್ಮುವ ನೆಪದಲ್ಲಿ ನಕ್ಕ. ‘ತಪ್ಪು ಸಂಕೇತ ಅಂತ ಬರೀರಿ ಮೇಡಂ,’ ಎಂದ ಭಾವ, ನೆಲ ನೋಡುತ್ತ.

‘ನಂದೂ ತಪ್ಪಿದೆ,’ ಎಂದ ಕ್ಯಾಪ್ಟನ್. ‘ಎರಡಾಗ್ಲಿ, ಹತ್ತಾಗ್ಲಿ, ಹೊಡೆದ ಮೇಲೆ ಭಾವ ನಿಲ್ಲಿಸ್ತಿದ್ದ ಹಾಗೆ ನಿಲ್ಲಿಸಬೇಕಿತ್ತು.’

‘ಪ್ರತಿ ಸೋಮವಾರ ನಾನು ಅದನ್ನೇ ಹೇಳೋದು,’ ಎಂದಳು ಮೇಡಂ. ಎರಡು ವರ್ಷದ ಬೇಸರವೆಲ್ಲ ಆ ಮಾತಿನಲ್ಲಿತ್ತು.

ಕ್ಯಾಪ್ಟನ್‌ನ ಕೆಲಸ ಉಳಿಯಿತು, ಪರೀಕ್ಷಾ ಅವಧಿ ಒಂದು ತಿಂಗಳು ಮುಂದಕ್ಕೆ ಹೋಯಿತು. ಭಾವನ ಬಿಲ್ಲೆ ಆರು ತಿಂಗಳು ಮೇಡಂ ಅವರ ಡ್ರಾಯರಿಗೆ ಸೇರಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎರಡು ದಿನ ಸುರಕ್ಷತೆಯ ಪಾಠವನ್ನು ಮೊದಲಿನಿಂದ ಕೇಳಿದರು. ಬೆಂಚು ಗಟ್ಟಿಯೆಂದು ಕ್ಯಾಪ್ಟನ್ ತನ್ನ ಮೆತ್ತೆಯ ಅರ್ಧ ಭಾಗ ಭಾವನ ಕಡೆ ಸರಿಸಿದ. ಹಳದಿ ಪಟ್ಟೆಗೆ ಹೊಸ ಬಣ್ಣ ಬಂತು. ಗುಂಡು ಕನ್ನಡಿಯನ್ನು ಭಾವನೇ ಏಣಿ ಹತ್ತಿ ಒರೆಸಿದ. ಇನ್ನು ಮೇಲೆ ಮೂಲೆಯಲ್ಲಿ ಒಂದೇ ಹಾರನ್. ಹೊಡೆದು ಗಾಡಿ ಪೂರ್ತಿ ನಿಲ್ಲಬೇಕು. ನಡೆಯುವವರು ಚಾಲಕನ ಮುಖ ನೋಡಬೇಕು. ಚಾಲಕ ಕೈ ಎತ್ತಿದ ಮೇಲೆ ದಾಟಬೇಕು. ಎತ್ತಿದ ಕೈ ಅವರು ಆಚೆ ಮುಟ್ಟುವವರೆಗೆ ಇಳಿಯಬಾರದು.

ನಿಯಮವನ್ನು ಗೋಡೆಗೆ ಅಂಟಿಸುವುದು ಸುಲಭ. ಕಾಲಿಗೆ ಕಲಿಸುವುದು ಹೇಗೆ? ಭಾವನಿಗೆ ಆ ವಾರವೆಲ್ಲ ಅದೇ ಚಿಂತೆ. ಮನೆಯಲ್ಲಿ ಅಡುಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತು ‘ನನ್ನ ನೋಡು, ಆಮೇಲೆ ದಾಟು’ ಎಂದು ಅಭ್ಯಾಸ ಮಾಡಿಸಲು ಹೋದರೆ ಅವಳು ಸೌಟು ಎತ್ತಿ ಹೆದರಿಸಿದಳು. ‘ಗೊತ್ತಾಯ್ತು ಹೋಗ್ರೀ’ ಎನ್ನುತ್ತಿದ್ದಳು ಅಕ್ಕ. ಗೊತ್ತಾಗುವುದು ತಲೆಗೆ. ಹದಿನಾಲ್ಕು ವರ್ಷದ ಅಭ್ಯಾಸವಿರುವುದು ಕಾಲಿಗೆ. ಯಾವನೋ ಚಾಲಕ ಯಾವತ್ತೋ ಕೈತಪ್ಪಿ ಎರಡು ಸಲ ಗುಂಡಿ ಒತ್ತಿದರೂ ಆ ಕಾಲು ಮುಂದೆ ಹೋಗಿಬಿಟ್ಟರೆ? ಅವನಿಗೆ ಆ ತಳ್ಳುಗಾಡಿಯ ಹೊಟ್ಟೆಯೊಳಗಿನ ಕಬ್ಬಿಣ ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ ಅವಳ ಹರಡನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದ.

ಆರನೆಯ ದಿನ ಅಕ್ಕ ಕೆಲಸಕ್ಕೆ ಬಂದಳು. ಹೊಸ ತಳ್ಳುಗಾಡಿ, ಸ್ವಲ್ಪ ಕುಂಟುವ ನಡಿಗೆ. ಪ್ಯಾಕಿಂಗ್ ಮೇಜಿನವರು ಚಪ್ಪಾಳೆ ತಟ್ಟಿದರು. ಅವಳು ಮೂರನೇ ಸಾಲಿನೊಳಗೆ ಹೋಗಿ ಕೆಲಸ ಹಿಡಿದಳು. ಭಾವ ಆಳೆತ್ತರದ ಲೋಡು ಹೇರಿಕೊಂಡು ಹಿಮ್ಮುಖವಾಗಿ ಬರುತ್ತಿದ್ದ, ಹಿಂದೆ ನೋಡುತ್ತ. ಕನ್ನಡಿ ಈಗ ಶುಭ್ರವಾಗಿತ್ತು. ಅದರಲ್ಲಿ ಅವಳು ಕಾಣಿಸಿದಳು: ಚೀಟಿಯ ಮೇಲೆ ಕಣ್ಣು, ತಳ್ಳುಗಾಡಿಯ ಮೇಲೆ ಕೈ, ಮೂಲೆಗೆ ನಾಲ್ಕು ಹೆಜ್ಜೆ.

ಗಾಡಿ ನಿಲ್ಲಿಸಿದ. ಹೆಬ್ಬೆರಳು ಹಾರನ್ನಿನ ಗುಂಡಿಯ ಮೇಲೆ ಹೋಯಿತು. ಆ ಹೆಬ್ಬೆರಳಿಗೂ ಹದಿನಾಲ್ಕು ವರ್ಷದ ಅಭ್ಯಾಸ, ಎರಡು ಸಲ ಕುಣಿಯಲು ತುದಿಗಾಲಲ್ಲಿ ನಿಂತಿತ್ತು. ಭಾವ ಹಲ್ಲು ಕಚ್ಚಿ ಒತ್ತಿದ. ಒಂದೇ ಹಾರನ್, ಉದ್ದನೆಯದು.

‘ಅಯ್ಯಯ್ಯೋ, ಮೊದಲನೇ ದಿನಾನೇ ಜಗಳ!’ ಪ್ಯಾಕಿಂಗ್ ಮೇಜಿನಿಂದ ಯಾರೋ ಕೂಗಿದರು.

ತಳ್ಳುಗಾಡಿಯ ಮುಂದಿನ ಚಕ್ರ ಹಳದಿ ಗೆರೆಯ ಮೇಲೆ ಬಂದು ನಿಂತಿತು. ಅಕ್ಕನ ಕಣ್ಣು ಚೀಟಿಯಿಂದ ಎದ್ದಿತು. ಜಗಳದ ದಿನದ ಹಾಗೆ ಮುಖ ಆ ಕಡೆ ತಿರುಗಲಿಲ್ಲ. ನೇರವಾಗಿ ಅವನ ಕಡೆ ಬಂತು. ಭಾವ ಕೈ ಎತ್ತಿದ.

ಅವಳು ದಾಟಲಿಲ್ಲ. ನೋಡುತ್ತಲೇ ನಿಂತಳು. ಸೀಟಿನಲ್ಲಿ ಸೊಂಟದಿಂದ ಮೇಲೆ ಹಿಂದಕ್ಕೆ ತಿರುಚಿಕೊಂಡು ಕೂತ ಗಂಡ, ಭುಜದ ಮೇಲಿಂದ ಹೊರಳಿದ ಮುಖ, ಬಿಗಿದು ಹಗ್ಗದಂತೆ ಎದ್ದ ಕತ್ತಿನ ನರ. ಹದಿನಾಲ್ಕು ವರ್ಷ ಒಂದೇ ಮಾಡಿನ ಕೆಳಗೆ ದುಡಿದರೂ ಅವನು ಗಾಡಿಯಲ್ಲಿ ಹೇಗೆ ಕೂರುತ್ತಾನೆಂದು ಅವಳು ತಲೆ ಎತ್ತಿ ನೋಡಿರಲಿಲ್ಲ.

‘ದಾಟೇ ಮಾರಾಯ್ತಿ, ಇನ್ನೊಂದು ಗಾಡಿ ಕಾಯ್ತಿದೆ,’ ಎಂದ ಭಾವ. ಆ ಗಾಡಿಯಲ್ಲಿದ್ದವನು ಕ್ಯಾಪ್ಟನ್. ಅವನು ಹಾರನ್ ಮುಟ್ಟದೆ, ಎರಡೂ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದ.

‘ದಿನಪೂರ್ತಿ ಹೀಗೇನಾ ತಿರುಗಿಸ್ಕೊಂಡು ಕೂರೋದು?’ ಅಕ್ಕ ಕೇಳಿದಳು.

‘ಮತ್ತೆ? ಹಿಂದೆ ಯಾರಿದ್ದಾರೆ ಅಂತ ನೋಡ್ಬೇಡ್ವಾ?’

ಅಕ್ಕ ಅವನ ಕತ್ತನ್ನೇ ನೋಡಿದಳು.

‘ಅಯ್ಯೋ,’ ಎಂದಳು ಮೆಲ್ಲಗೆ. ‘ದಿಂಬಿನದ್ದೇನೂ ತಪ್ಪಿರ್ಲಿಲ್ಲ ಅಲ್ವೇನ್ರೀ.’

ಆಮೇಲೆ ತಳ್ಳುಗಾಡಿ ತಳ್ಳಿಕೊಂಡು, ಅವನ ಮುಖದ ಮೇಲಿಟ್ಟ ಕಣ್ಣು ತೆಗೆಯದೆ, ನಿಧಾನವಾಗಿ ದಾಟಿದಳು. ಅವಳು ಆಚೆ ಮುಟ್ಟಿದ ಮೇಲೂ ಭಾವ ಕೈ ಇಳಿಸುವುದನ್ನು ಮರೆತು ಕೂತಿದ್ದ.